ತನ್ನದೇ ಅಳತೆ

"ಅಕ್ಕ, ಇದನ್ನೂ ಸ್ವಲ್ಪ ನೋಡ್ಕೋತಿರು," ಎಂದು ತಮ್ಮ ತನ್ನ ಕೈಗಡಿಯಾರ ಬಿಚ್ಚಿ ಅವಳ ಮಡಿಲಿಗೆ ಹಾಕಿ, ಬಿಸಿ ಮರಳಿನ ಮೇಲೆ ಕುಣಿಯುತ್ತ ನೀರಿನ ಕಡೆ ಓಡಿದ. ಐವತ್ತು ದಾಟಿದ ಗಂಡಸು! ಅವಳ ಸುತ್ತ ಆಗಲೇ ಮೂರು ಚೀಲ, ಮೂರು ಜೊತೆ ಚಪ್ಪಲಿ, ಎರಡು ಕನ್ನಡಕ, ಮೊಬೈಲುಗಳು, ಮಗುವಿನ ಹಾಲಿನ ಬಾಟಲಿ ಸೇರಿದ್ದವು. ದೊಡ್ಡ ಕೊಡೆಯ ಕೆಳಗೆ ಕೂತ ಅವಳನ್ನು ದೂರದಿಂದ ಕಂಡವರು, ಯಾರೋ ಹೆಂಗಸು ಅಂಗಡಿ ಹರವಿಕೊಂಡಿದ್ದಾಳೆ ಅಂದುಕೊಳ್ಳಬೇಕು.

ಹಡಗು ದೂರದಲ್ಲಿ ಲಂಗರು ಹಾಕಿ ನಿಂತಿತ್ತು. ಬೆಳಿಗ್ಗೆ ಹತ್ತಕ್ಕೆ ದೋಣಿಯಲ್ಲಿ ತಂದು ದ್ವೀಪದ ಮೇಲೆ ಇಳಿಸಿದ್ದರು. ನಾಲ್ಕೂವರೆಗೆ ಕೊನೆಯ ದೋಣಿ. ಎಂಟು ದಿನದ ಪ್ರವಾಸದಲ್ಲಿ ಸಮುದ್ರಕ್ಕೆ ಇಳಿಯುವ ಅವಕಾಶ ಇದ್ದದ್ದು ಇದೊಂದೇ ದಿನ.

ಅವಳು ದರ್ಜಿ. ನಲವತ್ತೆರಡು ವರ್ಷ ಹೊಲಿದು, ಕಣ್ಣು ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿದ್ದಳು. ಕೊನೆಯ ದಿನ ಷಟರ್ ಎಳೆಯುವಾಗ ತಮ್ಮ, "ನೀನು ದುಡಿದಿದ್ದು ಸಾಕಕ್ಕ. ಹಡಗಲ್ಲಿ ಕರ್ಕೊಂಡು ಹೋಗ್ತೀನಿ, ಒಂದು ವಾರ ಹಾಯಾಗಿರು," ಎಂದಿದ್ದ. ಅವಳಿಗೆ ಅಳುವೇ ಬಂದಿತ್ತು. ಅದುವರೆಗೆ ಅವಳು ಸಮುದ್ರ ಕಂಡವಳೇ ಅಲ್ಲ. ಚಿತ್ರದಲ್ಲಿ ನೋಡಿದಾಗಲೆಲ್ಲ ಒಮ್ಮೆ ಕತ್ತಿನವರೆಗೆ ಅದರಲ್ಲಿ ನಿಲ್ಲಬೇಕು ಅನಿಸುತ್ತಿತ್ತು. ಅಷ್ಟೇ ಆಸೆ, ಈಜು ಗೀಜು ಬೇಡ.

ಅದಕ್ಕೆಂದೇ ಅಂಗಡಿಯ ಹಳೇ ಮಷೀನಿನಲ್ಲಿ, ಭೂತಗನ್ನಡಿ ಇಟ್ಟುಕೊಂಡು, ಮೂರು ತಿಂಗಳು ಕೂತು ನೀರಿಗಿಳಿಯುವ ಬಟ್ಟೆಯೊಂದನ್ನು ಹೊಲಿದಳು. ಕಡುನೀಲಿ ಬಣ್ಣ, ಮೊಣಕೈವರೆಗೆ ತೋಳು, ಮಂಡಿಯವರೆಗೆ ಉದ್ದ, ಕತ್ತಿಗೆ ಬಿಳಿ ಪಟ್ಟಿ. ಊರಿನ ಅರ್ಧ ಹೆಂಗಸರ ಅಳತೆ ಬಾಯಿಪಾಠ ಇದ್ದವಳಿಗೆ ತನ್ನ ಅಳತೆ ಗೊತ್ತಿರಲಿಲ್ಲ. ಬೆನ್ನಿನ ಅಳತೆಯನ್ನು ಒಬ್ಬರೇ ತೆಗೆದುಕೊಳ್ಳಲು ಆಗುವುದಿಲ್ಲ. ಟೇಪಿನ ತುದಿಯನ್ನು ಕತ್ತಿನ ಹಿಂದೆ ಪಿನ್ನಿನಿಂದ ಸಿಕ್ಕಿಸಿ, ಕನ್ನಡಿಗೆ ಬೆನ್ನು ಮಾಡಿ, ಹೊರಳಿ ಹೊರಳಿ ನೋಡಿ ಅಂದಾಜು ಮಾಡಿದ್ದಳು. ಯಾರಿಗೂ ಹೇಳಿರಲಿಲ್ಲ. ಈಗ ಅದು ಉದ್ದ ಗೌನಿನ ಒಳಗೆ ಬೆವರಿಗೆ ಮೈಗಂಟಿ ಕೂತಿತ್ತು.

ಎಲ್ಲರೂ ಒಂದು ಸುತ್ತು ಹೋಗಿ ಬರಲಿ, ಆಮೇಲೆ ತಾನು ಎಂದುಕೊಂಡಿದ್ದಳು. ಹನ್ನೆರಡಕ್ಕೆ ತಮ್ಮನ ಮಗಳು ತನ್ನ ಮಗುವನ್ನು ಎತ್ತಿಕೊಂಡು ನೀರಿನಿಂದ ಬರುವುದು ಕಂಡು, ಎದ್ದು ನಿಂತು, ಗೌನಿನ ಮೇಲಿನ ಗುಂಡಿ ಬಿಚ್ಚಿದಳು.

"ಅತ್ತೆ, ಮಗೂಗೆ ನಿದ್ದೆ ಬಂದ್ಬಿಟ್ಟಿದೆ. ಹತ್ತೇ ಹತ್ತು ನಿಮಿಷ ಮಲಗಿಸ್ಕೋತೀರಾ?"

"ಅದಕ್ಕೇನು, ಕೊಡು."

ಹಾಳಾದ ಬಾಯಿ! ಅವಳು ಯೋಚಿಸುವ ಮೊದಲೇ ಅದು ಹೇಳಿಯಾಗಿತ್ತು. ನಾಳೆಗೇ ಬೇಕು ಎಂದು ಬಟ್ಟೆ ಹಿಡಿದು ಬಂದವರಿಗೆಲ್ಲ ‘ಅದಕ್ಕೇನು’ ಎನ್ನುತ್ತಲೇ ಪಳಗಿದ ಬಾಯಿ. ಅವಳು ಗುಂಡಿ ಹಾಕಿಕೊಂಡು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಮಗು ಎರಡು ಗಂಟೆ ನಿದ್ದೆ ಹೊಡೆಯಿತು.

ಆ ಹೊತ್ತಿನಲ್ಲೇ ಬೆನ್ನ ಹಿಂದಿನ ಕೊಡೆಯಿಂದ ತಮ್ಮನ ಹೆಂಡತಿಯ ಮಾತು ಕೇಳಿಸಿತು. ಪಕ್ಕದ ಕೋಣೆಯ ಪ್ರಯಾಣಿಕಳ ಜೊತೆ ಹರಟುತ್ತಿದ್ದಳು.

"ಮಗು ನೋಡ್ಕೊಳ್ಳೋಕೆ ಹಡಗಲ್ಲೇ ಆಯಾ ಸಿಗ್ತಾರಂತಲ್ಲ?" ಎಂದಳು ಆ ಪ್ರಯಾಣಿಕಳು.

"ಹೊರಗಿನವರನ್ನ ಹೇಗ್ರೀ ನಂಬೋದು? ನಮ್ಮ ಅತ್ತಿಗೆ ಹೇಗೂ ಖಾಲಿ ಇದ್ರು. ಅವರನ್ನೇ ಕರ್ಕೊಂಡ್ಬಂದ್ವಿ. ಅವರಿಗೂ ಒಂದು ಬದಲಾವಣೆ."

ಅವಳು ತಿರುಗಿ ನೋಡಲಿಲ್ಲ; ತಿರುಗಿದ್ದರೆ ಮಗು ಎಚ್ಚರಗೊಳ್ಳುತ್ತಿತ್ತು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮಗು ಎದ್ದ ಮೇಲೆ ಅದಕ್ಕೆ ಹಾಲು ಕುಡಿಸಿ ಆಡಿಸುತ್ತ ಕೂತಳು. ಮೂರೂವರೆಗೆ ತಮ್ಮ ಬಂದು ಟವೆಲಿನಿಂದ ತಲೆ ಒರೆಸಿಕೊಳ್ಳತೊಡಗಿದ. "ನಿಂದೇ ಪುಣ್ಯ ನೋಡಕ್ಕ, ನೆರಳಲ್ಲಿ ರಾಣಿ ಥರ ಕೂತಿದ್ದೀಯ," ಎಂದ. ಅವನು ಮನಸಾರೆ ಹೇಳಿದ್ದ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನೂ ನೀರಿಗೆ ಇಳೀಬೇಕು ಕಣೋ."

"ಹೋಗಿ ಕಾಲು ನೆನೆಸ್ಕೊಂಡು ಬಾ ಹಾಗಾದ್ರೆ. ಬೇಗ."

"ಕಾಲಲ್ಲ. ಪೂರ್ತಿ. ಕತ್ತಿನ ತನಕ."

ತಮ್ಮ ಗಹಗಹಿಸಿ ನಕ್ಕ. "ಕೇಳಿದ್ಯೇನೇ?" ಎಂದು ಹೆಂಡತಿಯನ್ನು ಕೂಗಿದ. "ಅಕ್ಕ ಸಮುದ್ರಕ್ಕೆ ಹಾರ್ತಾಳಂತೆ!"

"ಅಯ್ಯೋ ಅತ್ತಿಗೆ, ಮಂಡಿ ನೋವು ಇಟ್ಕೊಂಡು! ಬಟ್ಟೆ ಬೇರೆ ಇಲ್ಲ, ಗೌನಲ್ಲೇ ಇಳೀತೀರಾ?" ತಮ್ಮನ ಹೆಂಡತಿಯೂ ನಕ್ಕಳು. ಮಗಳೂ ನಕ್ಕಳು. ಯಾರ ನಗುವಿನಲ್ಲೂ ಕೆಟ್ಟದ್ದೇನೂ ಇರಲಿಲ್ಲ.

ಅವಳ ಬೆರಳು ಗುಂಡಿಯ ಮೇಲೇ ಇತ್ತು. ಬಿಚ್ಚಿದರೆ ಬಿಳಿ ಪಟ್ಟಿ ಕಾಣುತ್ತಿತ್ತು. ಈ ನಗುವಿನ ನಡುವೆ ಅದನ್ನು ತೋರಿಸಲು ಅವಳಿಗೆ ಮನಸ್ಸು ಬರಲಿಲ್ಲ. "ಸುಮ್ನೆ ತಮಾಷೆಗೆ ಅಂದೆ," ಎಂದು ಚಪ್ಪಲಿಗಳ ಮರಳು ಕೊಡವತೊಡಗಿದಳು. ಹಡಗಿನ ಸೀಟಿ ಕೇಳಿಸಿತು. ದೋಣಿಯಲ್ಲಿ ಅವಳ ಕೈ ತುಂಬ ಚೀಲಗಳಿದ್ದವು, ಕೈ ಇಳಿಬಿಟ್ಟು ನೀರು ಮುಟ್ಟಲೂ ಆಗಲಿಲ್ಲ.

ಕೋಣೆಗೆ ಬಂದ ಮೇಲೆ ಉಳಿದವರೆಲ್ಲ ಸ್ನಾನ ಮುಗಿಸಿದರು. ತಮ್ಮನ ಹೆಂಡತಿ ಒದ್ದೆ ಬಟ್ಟೆಗಳನ್ನೆಲ್ಲ ಬಚ್ಚಲಿನ ಬೇಸಿನ್ನಿಗೆ ತುಂಬಿದಳು. "ಅತ್ತಿಗೆ, ಇವನ್ನ ಜಾಲಾಡಿಸಿ ಹರವಿಬಿಡ್ತೀರಾ? ನಾವು ಊಟಕ್ಕೆ ಜಾಗ ಹಿಡೀತಿರ್ತೀವಿ."

"ಅದಕ್ಕೇನು."

ಅವಳು ಒಂದೊಂದನ್ನೇ ಜಾಲಾಡಿಸಿ, ಹಿಂಡಿ, ಬಚ್ಚಲಿನ ಅಡ್ಡದಾರಕ್ಕೆ ಹಾಕಿದಳು. ಬೇಸಿನ್ನಿನ ತಳದಲ್ಲಿ ಒಂದು ಹಿಡಿ ಮರಳು ನಿಂತಿತು. ಬಾಗಿಲು ಮುಂದೆ ಮಾಡಿ ತನ್ನ ನೀಲಿ ಬಟ್ಟೆಯನ್ನೂ ಕಳಚಿ, ಗೌನು ತೊಟ್ಟುಕೊಂಡು, ಅದನ್ನು ನಲ್ಲಿಯ ಕೆಳಗೆ ಹಿಡಿದಳು. ಪೂರ್ತಿ ನೆನೆಯುವವರೆಗೆ ಹಿಡಿದಿದ್ದಳು. ಆಮೇಲೆ ಹಿಂಡದೆ ಉಳಿದವುಗಳ ನಡುವೆ ನೇತುಹಾಕಿದಳು.

ಶಾಲು ಮರೆತಿದ್ದ ತಮ್ಮನ ಹೆಂಡತಿ ವಾಪಸು ಬಂದು ಬಚ್ಚಲಿಗೆ ಇಣುಕಿದಳು. "ಇದ್ಯಾರದು?"

"ನಂದು."

ತಮ್ಮನ ಹೆಂಡತಿ ಹತ್ತಿರ ಬಂದು ಬಿಳಿ ಪಟ್ಟಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. "ಎಷ್ಟು ಚೆನ್ನಾಗಿ ಹೊಲಿದಿದ್ದೀರಿ ಅತ್ತಿಗೆ! ಊರಿಗೆ ಹೋದ್ಮೇಲೆ ನನಗೂ ಇಂಥದ್ದೇ ಒಂದು ಹೊಲ್ಕೊಡಿ. ಅಳತೆ ನಿಮಗೆ ಗೊತ್ತೇ ಇದೆಯಲ್ಲ."

ಬಾಯಿ ‘ಅದಕ್ಕೇನು’ ಎನ್ನಲು ತೆರೆದಿತ್ತು. ಮಾತು ಹೊರಬೀಳುವ ಮೊದಲೇ ಅವಳು ಕೈ ಚಾಚಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ತಮ್ಮನ ಹೆಂಡತಿ ಶಾಲು ಹೊದ್ದು ಹೊರಟುಹೋದಳು.

ಬೇಸಿನ್ನಿನ ಮರಳೆಲ್ಲ ಹರಿದುಹೋದ ಮೇಲೆ ಅವಳು ನಲ್ಲಿ ನಿಲ್ಲಿಸಿದಳು. ದಾರದ ಮೇಲಿನ ಬಟ್ಟೆಗಳ ಅಂಚಿನಲ್ಲಿ ಇನ್ನೂ ಒಂದೆರಡು ಮರಳಿನ ಕಣ ಅಂಟಿದ್ದವು. ನೀಲಿ ಬಟ್ಟೆಯೊಂದರಿಂದ ಮಾತ್ರ ತಿಳಿನೀರು ಒಂದೇ ಸಮನೆ ಬಿಳಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.