ಹತ್ತನೆಯ ಕಾರ್ಡು

ಒಂದಾನೊಂದು ಊರಿನಲ್ಲಿ ಹೊಟ್ಟೆಯೊಳಗೆ ಗಂಟು ಹೊತ್ತು ತಿರುಗುವ ಒಬ್ಬ ಮನುಷ್ಯನಿದ್ದನಂತೆ. ಗಂಟು ಬಿಚ್ಚಿ ನೋಡಿದರೆ ಹೊನ್ನೂ ಇಲ್ಲ, ವಿಷವೂ ಇಲ್ಲ. ಕಾಂದಿವಲಿಯ ಚಾಳಿನ ಮಕ್ಕಳಿಗೆ ಮುರಿಗೆಪ್ಪ ತನ್ನ ಕತೆಯನ್ನು ಹೀಗೆ ಶುರುಮಾಡುತ್ತಿದ್ದ. ಇಂದು ಅವನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ತಮ್ಮ ಶಂಕ್ರೆಪ್ಪ ಊರಿಗೆ ಅಣ್ಣನ ಸಾವಿನ ಸುದ್ದಿ ಬರೆಯಲೆಂದು ಗೂಡಿನಲ್ಲಿದ್ದ ಕಾರ್ಡುಗಳನ್ನೆಲ್ಲ ತೆಗೆದು, ಓದುವ ಮೊದಲೇ ಸಾವೆಂದು ತಿಳಿಯಲಿ ಎಂಬ ರೂಢಿಯಂತೆ ಒಂದೊಂದರ ಮೂಲೆ ಹರಿಯುತ್ತಿದ್ದ.

ಐದನೆಯದನ್ನು ಹರಿದಾಗ ಹನುಮವ್ವ ಗಂಡನ ಬಳಿಯಿಂದ ಎದ್ದು ಬಂದಳು.

"ಅದು ದವಾಖಾನಿದು, ಶಂಕ್ರೆಪ್ಪ."

ಅವನು ತಿರುಗಿಸಿ ನೋಡಿದ. ಪರೇಲಿನ ಆಸ್ಪತ್ರೆಯವರು ವರ್ಷಕ್ಕೊಮ್ಮೆ ಕಳಿಸುವ ಜವಾಬಿ ಕಾರ್ಡು. ಉತ್ತರದ ಜಾಗ ಖಾಲಿ ಇತ್ತು.

"ಇರ್ಲಿ ಬಿಡ್ರಿ ವೈನಿ. ಅವರಿಗೂ ಸತ್ತ ಸುದ್ದೀನ ತಿಳಿಸೂದಲ್ಲೇನು?"

*

ಅರವತ್ತೇಳನೆಯ ಇಸವಿಯಲ್ಲಿ ಮುರಿಗೆಪ್ಪನ ಲಿವರಿನಿಂದ ಗಂಟು ತೆಗೆದ ಡಾಕ್ಟರು, ಅದು ಕ್ಯಾನ್ಸರ್ ಅಲ್ಲ, ಸಾದಾ ಗಂಟು ಎಂದಿದ್ದರು. ಆದರೂ ಹತ್ತು ವರ್ಷ ಕಾರ್ಡಿಗೆ ಉತ್ತರ ಬರೆಯಬೇಕು. ಮುಂದೆ ಇಂಥ ಗಂಟಿನವರು ಬಂದರೆ ಏನು ಹೇಳಬೇಕೆಂದು ತಮಗೆ ತಿಳಿಯಬೇಕಲ್ಲ ಎಂದಿದ್ದರು. ಮುರಿಗೆಪ್ಪ ಕೈಮುಗಿದು ಒಪ್ಪಿದ್ದ. ಮಿಲ್ಲಿನ ಪಾಳಿ ಮುಗಿಸಿ ಕೂತಲ್ಲೇ ಕಣ್ಣು ಮುಚ್ಚುವಷ್ಟು ದಣಿದಿದ್ದರೂ, ಒಂಬತ್ತು ಸಲ ಮುರುಕು ಮರಾಠಿಯಲ್ಲಿ ಒಂದೇ ಸಾಲು ಬರೆದ: ಗಂಟು ಹೊಳ್ಳಿ ಬಂದಿಲ್ಲ, ಆರಾಮ ಇದ್ದೇನೆ.

*

"ಮೂಲಿ ಹರದ ಕಾರ್ಡ ಹೋದ್ರ ಗಂಟ ಕೊಂದೈತಿ ಅಂತ ತಿಳೀತಾರ," ಎಂದಳು ಹನುಮವ್ವ. "ಎದಿ ನಿಂತು ಹೋಗ್ಯಾರ. ಹೊಟ್ಟಿ ಏನ್ ತಪ್ಪು ಮಾಡಿತ್ತು? ಮುಂದ ಬರಾವ್ರು ಸುಮ್ನ ಯಾಕ ಅಂಜಬೇಕು?"

ಮಣ್ಣು ಮುಗಿಯಲಿ, ನಾಳೆ ಬರೆದರಾಯಿತು ಎಂದ ಅವನು.

"ಹತ್ತು ಅಂತ ಮಾತು ಕೊಟ್ಟಾರ. ಇವರು ಮನ್ಯಾಗ ಇದ್ದಾಗ್ಲೇ ಬರದಬಿಡು."

ಅವಳು ಹೇಳಿದಂತೆ ಅವನು ಬರೆದ: ಎದೆ ನಿಂತು ತೀರಿಕೊಂಡರು. ಗಂಟು ಹೊಳ್ಳಿ ಬಂದಿರಲಿಲ್ಲ.

ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ನೆರೆಯ ನೀಲಾಬಾಯಿ ತಂದಿಟ್ಟ ಅನ್ನವನ್ನು ಹನುಮವ್ವ ಮುಟ್ಟಿರಲಿಲ್ಲ. ಈಗ ಅದರಿಂದ ಎರಡು ಅಗುಳು ತೆಗೆದು ಹಿಸುಕಿ, ಹರಿದ ಮೂಲೆಯನ್ನು ನೆಲದಿಂದ ಆರಿಸಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಮುರಿಗೆಪ್ಪನನ್ನು ಎತ್ತುವವರೆಗೂ ಬೆರಳು ಸಡಿಲಿಸಲಿಲ್ಲ.

ಸ್ಟೇಷನ್ ರಸ್ತೆಯ ಕೆಂಪು ಡಬ್ಬಿಯ ಬಳಿ ಹೊತ್ತವರು ಹೆಗಲು ಬದಲಿಸಲು ನಿಂತರು. ಹನುಮವ್ವ ಗುಂಪಿನಿಂದ ಈಚೆ ಬಂದು ಕಾರ್ಡನ್ನು ಒಳಗೆ ಜಾರಿಸಿದಳು. ಅದು ತಳ ಮುಟ್ಟಿದ ಸದ್ದಾಯಿತು. ಅರ್ಧ ಒಣಗಿದ ಒಂದು ಅಗುಳು ಅವಳ ಹೆಬ್ಬೆರಳಿಗೆ ಅಂಟಿಕೊಂಡೇ ಇತ್ತು.