ಎಣ್ಣೆಯ ಅಳತೆ

ಎಳೆದ ಹಗ್ಗ ಒಳಗೆ ಸುತ್ತಿಕೊಳ್ಳುವಷ್ಟರಲ್ಲಿ ಮೋಟರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ತೃಪ್ತಿ ಮತ್ತೆ ಎಳೆದಳು. ಈ ಸಲ ಕೆಮ್ಮೂ ಇಲ್ಲ.

ಜನವರಿಯ ಮಂಜಿನಲ್ಲಿ ಕೋಲ್ಕತ್ತಾದ ಆ ಕೆರೆಯ ಆಚೆ ದಡ ಕಾಣುತ್ತಿರಲಿಲ್ಲ. ಅವಳು ತರಬೇತಿ ಕೊಡುತ್ತಿದ್ದ ಹುಡುಗಿಯರು ಶಾಲು ಹೊದ್ದು ತಮ್ಮ ದೋಣಿಯ ಪಕ್ಕ ನಿಂತಿದ್ದರು. ರಕ್ಷಣಾ ದೋಣಿಯ ಮೋಟರ್ ಚಾಲೂ ಆಗದೆ ಹುಟ್ಟು ಹಾಕುವ ದೋಣಿ ಯಾವುದೂ ಹೊರಡಬಾರದು ಎಂಬುದು ರೋಯಿಂಗ್ ಕ್ಲಬ್ಬಿನ ನಿಯಮ. ಬೆಳಗಿನ ಮೊದಲ ಸರದಿ ಹುಡುಗಿಯರದು, ಮೋಟರ್ ತೀರ ತಣ್ಣಗಿರುವ ಹೊತ್ತಿನದು. ಬಿಸಿಲೇರಿ ಅದು ಏಳುವಾಗ ಗಂಡಸರ ಸರದಿ ಬಂದಿರುತ್ತಿತ್ತು. ಇವತ್ತಂತೂ ಗಂಡಸರು ಆಗಲೇ ತಮ್ಮ ದೋಣಿಗಳನ್ನು ಮೆಟ್ಟಿಲ ಬಳಿ ನೀರಿಗಿಟ್ಟು ಕಾಯುತ್ತಿದ್ದರು.

"ಸಾಕು ಬಿಡು ತೃಪ್ತಿ," ಎಂದು ಕಾರ್ಯದರ್ಶಿ ನಿರುಪಮ್‌ದಾ ಬಂಗಾಳಿಯಲ್ಲಿ ಹೇಳಿದರು. "ಇವತ್ತೂ ಏಳದಿದ್ದರೆ ನಿನ್ನ ಬ್ಯಾಚು ಮಧ್ಯಾಹ್ನಕ್ಕೆ ಅಂತ ನಿನ್ನೆಯೇ ಹೇಳಿದ್ದೆ."

"ಮಧ್ಯಾಹ್ನ ಅವರಿಗೆ ಶಾಲೆ."

"ಹಾಗಾದ್ರೆ ಬೇಸಿಗೆ ರಜೆಗೆ ಬರಲಿ. ಕೆರೆ ಎಲ್ಲೂ ಓಡಿಹೋಗಲ್ಲ."

ರಾಜ್ಯ ತಂಡದ ಆಯ್ಕೆ ಫೆಬ್ರವರಿಯಲ್ಲಿತ್ತು. ಅದು ಅವರಿಗೂ ಗೊತ್ತಿತ್ತು.

"ಬೇಸಿಗೆಗೂ ಬರ್ತಾರೆ, ಇವತ್ತೂ ಹೋಗ್ತಾರೆ," ಎಂದು ತೃಪ್ತಿ ಮೋಟರಿನ ಮುಚ್ಚಳ ತೆಗೆದಳು.

ಅವಳು ಬೆಹಾಲಾದ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವಳು. ಹೋದ ವಾರ ಹೊಸ ಸ್ಪಾರ್ಕ್ ಪ್ಲಗ್ ಹಾಕಿದಾಗ ಮೋಟರ್ ಒಂದೇ ಎಳೆತಕ್ಕೆ ಎದ್ದಿತ್ತು; ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಇದೇ ಕತೆ. ಅದೇ ಪ್ಲಗ್ಗನ್ನು ಬಿಚ್ಚಿದಳು. ತುದಿ ಕಪ್ಪಾಗಿ, ಒದ್ದೆಯಾಗಿ ಹೊಳೆಯುತ್ತಿತ್ತು. ಒದ್ದೆಯನ್ನು ಹಳೆಯ ಪತ್ರಿಕೆಯ ಅಂಚಿಗೆ ಒತ್ತಿ ಊದಿದಳು. ಪೆಟ್ರೋಲಾಗಿದ್ದರೆ ಆರಬೇಕಿತ್ತು. ಜಿಡ್ಡಿನ ಕಲೆ ಅಲ್ಲೇ ಉಳಿಯಿತು.

ಮೆಟ್ಟಿಲ ಮೇಲೆ ಅವಳ ತಂದೆ ರತ್ನಾಕರ ಪೆಟ್ರೋಲ್ ಕ್ಯಾನಿನ ಪಕ್ಕ ಕುಳಿತಿದ್ದರು. ಕುಂದಾಪುರದ ಪಕ್ಕದ ಗಂಗೊಳ್ಳಿಯವರು, ಬ್ಯಾಂಕ್ ಮ್ಯಾನೇಜರಾಗಿ ಕೋಲ್ಕತ್ತಾಗೆ ಬಂದು ಇಲ್ಲೇ ನಿವೃತ್ತರಾದವರು. ಮಗಳ ಮೋಟರಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ತರುವ ಕೆಲಸವನ್ನು ತಾವೇ ಕೇಳಿ ಪಡೆದಿದ್ದರು.

"ಅಪ್ಪಯ್ಯ, ಎಣ್ಣೆ ಎಷ್ಟ್ ಹಾಕ್ತ್ರಿ?"

"ಊರಗೆ ಹಾಕ್ದಷ್ಟೇ. ಮೂವತ್ ಪಾಲ್ ಪೆಟ್ರೋಲಿಗೆ ಒಂದ್ ಪಾಲ್. ಚಳಿ ಅಲ್ದಾ, ಮೇಲಿಂದ ಒಂಚೂರ್. ಎಣ್ಣಿ ಕಮ್ಮಿ ಆರೆ ಪಿಸ್ಟನ್ ಹಿಡ್ಕಂತ್ ಮಗಾ."

"ಊರಲ್ಲಿ ಅಜ್ಜನ ದೋಣಿ ಸೀಮೆಎಣ್ಣೇಲಿ ಓಡ್ತಿತ್ತ್. ಇದು ಪೆಟ್ರೋಲ್. ಐವತ್ತಕ್ಕೆ ಒಂದ್. ಟೂ ಮಚ್ ಆಯ್ಲ್, ಅಪ್ಪಯ್ಯ. ಪ್ಲಗ್ ಪೂರಾ ಡೂಬ್ ಗಯಾ."

ರತ್ನಾಕರ ಕ್ಯಾನಿನ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದರು.

"ಏನಂತೆ?" ಎಂದರು ನಿರುಪಮ್‌ದಾ.

ತೃಪ್ತಿ ತಂದೆಯ ಕಡೆ ನೋಡಿದಳು. ಹಳೆಯ ಮೋಟರ್ ಎಂದುಬಿಟ್ಟರೆ ಎಲ್ಲರೂ ನಂಬುತ್ತಿದ್ದರು. ಆದರೆ ಕ್ಯಾನಿನಲ್ಲಿ ಅದೇ ಹೆಚ್ಚಿನ ಎಣ್ಣೆ ಉಳಿಯುತ್ತಿತ್ತು. "ಮೋಟರ್ ಸರಿಯಾಗಿದೆ," ಎಂದು ಬಂಗಾಳಿಯಲ್ಲಿ ಹೇಳಿದಳು. "ನಾವು ಬೆರೆಸಿದ್ದು ತಪ್ಪು."

"ಅಂದ್ರೆ ಇಷ್ಟು ದಿನದ ರಗಳೆ ನಿಮ್ಮ ಮನೇದೇ." ನಿರುಪಮ್‌ದಾ ನಕ್ಕರು. "ಗಂಡಸರನ್ನು ಕಳಿಸ್ತೀನಿ. ಮೋಟರ್ ಎದ್ದಾಗ ಏಳಲಿ."

"ನಿಯಮ ಅವರಿಗೂ ಒಂದೇ," ಎಂದಳು ತೃಪ್ತಿ.

ರತ್ನಾಕರ ಎದ್ದು ನಿಂತರು. ಅವರ ಬಂಗಾಳಿಗೆ ಕುಂದಾಪುರದ ರಾಗವಿತ್ತು, ಬ್ಯಾಂಕಿನ ಗತ್ತೂ ಇತ್ತು. "ಸರದಿಯಲ್ಲಿ ನಿಂತವರಿರುವಾಗ ಕೌಂಟರ್ ಮುಚ್ಚುವಂತಿಲ್ಲ, ಮೊಶಾಯ್. ಹುಡುಗಿಯರ ಹೊತ್ತು ಇನ್ನೂ ಮುಗಿದಿಲ್ಲ." ಖಾಲಿ ಬಾಟಲಿ ಹಿಡಿದು ತಮ್ಮ ಸ್ಕೂಟರಿನತ್ತ ನಡೆದರು.

ಅವರು ಸ್ಕೂಟರಿನ ಪೈಪ್ ಕಳಚಿ ಎಣ್ಣೆ ಬೆರೆಯದ ಪೆಟ್ರೋಲ್ ತರುವಷ್ಟರಲ್ಲಿ ತೃಪ್ತಿ ಮೋಟರಿನ, ಟ್ಯಾಂಕಿನ ಒಳಗಿನ ಹಳೆಯ ಮಿಶ್ರಣವನ್ನು ಡಬ್ಬಕ್ಕೆ ಇಳಿಸಿ, ಪ್ಲಗ್ಗನ್ನು ಉಜ್ಜಿ ಒಣಗಿಸಿದ್ದಳು. ಎಣ್ಣೆಯ ಬಾಟಲಿಯನ್ನು ತಂದೆಗೇ ಚಾಚಿದಳು.

"ನೀನೇ ಹಾಕ್," ಎಂದರು ಅವರು.

"ನೀವೇ ಹಾಕಿ. ನಾ ಹೇಳ್ದಷ್ಟ್."

ಎಣ್ಣೆ ಅಳತೆಯ ಲೋಟಕ್ಕೆ ನೂಲಿನಂತೆ ಇಳಿಯಿತು. ಅಳತೆಯ ಗೆರೆ ಮುಟ್ಟಿದ ಮೇಲೂ ಬಾಟಲಿ ವಾಲಿಯೇ ಇತ್ತು. ತೃಪ್ತಿ ತಂದೆಯ ಮಣಿಕಟ್ಟು ಹಿಡಿದಳು.

"ಇಷ್ಟೆಯಾ?"

"ಇಷ್ಟೇ."

"ಪಿಸ್ಟನ್ ಒಣಗ್ತ್ ಕಾಣ್."

"ಒಣಗ್ಲಿ. ನಂದು ಜವಾಬ್ದಾರಿ."

ಅವರು ಬಾಟಲಿ ನೆಟ್ಟಗೆ ಮಾಡಿದರು.

ತೃಪ್ತಿ ಅದನ್ನು ಪೆಟ್ರೋಲಿಗೆ ಬೆರೆಸಿ ಟ್ಯಾಂಕಿಗೆ ಸುರಿದು, ಮೋಟರಿಗೆ ಪೆಟ್ರೋಲ್ ಏರಿಸುವ ರಬ್ಬರ್ ಗುಂಡನ್ನು ಗಟ್ಟಿಯಾಗುವವರೆಗೆ ಒತ್ತಿ, ಚೋಕ್ ಎಳೆದು, ಕಾಲು ಊರಿ ಹಗ್ಗ ಎಳೆದಳು. ಕೆಮ್ಮು. ಮತ್ತೆ ಎಳೆದಳು. ಹಿಂದೆ ಯಾರೋ ನಕ್ಕರು, ಅವಳು ತಿರುಗಲಿಲ್ಲ. ಮುಂದಿನ ಎಳೆತಕ್ಕೆ ಮೋಟರ್ ನೀಲಿ ಹೊಗೆ ಉಗುಳಿ, ತಡವರಿಸಿ, ಹಿಡಿದುಕೊಂಡಿತು. ಚೋಕನ್ನು ಮೆಲ್ಲಗೆ ಒಳಗೆ ತಳ್ಳಿದಳು. ಸದ್ದು ಸಮವಾಯಿತು.

"ಇನ್ನೆಷ್ಟು ಹೊತ್ತು ಉಳಿದಿದೆ ನಿನಗೆ?" ಎಂದರು ನಿರುಪಮ್‌ದಾ.

"ಉಳಿದಷ್ಟು ನಮ್ಮದು," ಎಂದು ತೃಪ್ತಿ ಹುಡುಗಿಯರಿಗೆ ಕೈ ಬೀಸಿದಳು.

ಅವರು ಶಾಲುಗಳನ್ನು ರತ್ನಾಕರರ ತೋಳಿಗೆ ಪೇರಿಸಿ ದೋಣಿ ಇಳಿಸಿದರು. ಹುಟ್ಟುಗಳು ಒಟ್ಟಿಗೆ ನೀರು ಹಿಡಿದವು. ತೃಪ್ತಿ ರಕ್ಷಣಾ ದೋಣಿಯಲ್ಲಿ ಅವರ ಹಿಂದೆ ಮಂಜಿನೊಳಕ್ಕೆ ಹೋದಳು. ಮೋಟರ್ ಎಬ್ಬಿಸಿದ ಅಲೆ ಸ್ವಲ್ಪ ತಡವಾಗಿ ದಡ ಮುಟ್ಟಿ, ಕಾಯುತ್ತಿದ್ದ ಗಂಡಸರ ದೋಣಿಗಳನ್ನು ಒಂದೊಂದಾಗಿ ಅಲುಗಿಸಿತು.