ಗಡಿಕಲ್ಲಿನಾಚೆಯ ಸಾವುಗಳು

ಹಾಲಸ್ವಾಮಿ ಕುಳಿತಲ್ಲಿ ಕುಳಿತವರಲ್ಲ. ಮದುವೆಯ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಎದ್ದು, ಮಾತಿನ ನಡುವೆ ‘ಬಂದೆ’ ಎಂದು ಮಾಯವಾಗಿ, ಸವೆದ ಖಾಕಿ ಕೋಟಿನ ಜೇಬಿನ ಪುಸ್ತಕವನ್ನು ಅಂಗೈಯಿಂದ ಒತ್ತಿ ಹಿಡಿದು, ಒಂದು ಭುಜ ಮುಂದಾಗಿ ಓಡುನಡಿಗೆಯಲ್ಲಿ ಹೋಗುತ್ತಿದ್ದ ಆ ಕೃಶಕಾಯರು ಚನ್ನಗಿರಿ ಸೀಮೆಯ ನಮ್ಮ ಪುಟ್ಟ ಪೇಟೆಯ ಪುರಸಭೆಯಲ್ಲಿ ಜನನ ಮರಣದ ಗುಮಾಸ್ತರು. ಸತ್ತವರ ಬಾಗಿಲಿಗೇ ಹೋಗಿ ಹೆಸರು, ಕಾಯಿಲೆ ಕೇಳಿ ಬರೆಯುವುದು ಅವರ ಹಟ. ಶಾಲೆಯ ಮೇಷ್ಟರಾಗಿದ್ದ ನನ್ನನ್ನು ಆ ಹಟ ಎಷ್ಟೋ ಸಲ ರೇಗಿಸಿದ್ದುಂಟು.

ಮೂವತ್ತಾರನೆಯ ಇಸವಿಯ ಪ್ಲೇಗಿನಲ್ಲಿ ಪುರಸಭೆ ಆಳುತ್ತಿದ್ದ ಪಕ್ಷದವರು, ‘ಪ್ಲೇಗು ಅನ್ನಬ್ಯಾಡ್ರಿ, ಜ್ವರ ಅಂತ ಬರೀರಿ’ ಎಂದರು. ಇವರು ಹಾಗೆ ಬರೆಯಲಿಲ್ಲ, ಸತ್ತವರನ್ನೆಲ್ಲ ಪ್ಲೇಗಿನ ಲೆಕ್ಕಕ್ಕೇ ಹಾಕಿದರು. ಮುಂದಿನ ಚುನಾವಣೆಯಲ್ಲಿ ಅದೇ ಸಂಖ್ಯೆಯನ್ನು ಓಣಿ ಓಣಿಯಲ್ಲಿ ಕೂಗಿ ಎದುರು ಪಕ್ಷ ಗೆದ್ದಿತು. ಇವರ ಕೊರಳಿಗೂ ಒಂದು ಹಾರ ಬಿತ್ತು. ಹಾರ ಅವರಿಗೆ ಹಿತವಾಗಿತ್ತು, ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷಕ್ಕೆ ಮತ್ತೆ ಪ್ಲೇಗಿನ ಇಲಿ ಸತ್ತು ಬಿತ್ತು. ಇಲಿ ಬಿದ್ದರೆ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕುವುದು ನಮ್ಮ ರೂಢಿ. ಗೆದ್ದ ಪಕ್ಷದ ಹೊಸ ಅಧ್ಯಕ್ಷ ಕೊಟ್ರಬಸಪ್ಪನವರು ಆ ಗುಡಿಸಲುಗಳನ್ನು ಪೇಟೆಯ ಗಡಿಕಲ್ಲಿನ ಆಚೆ, ಜನವಸತಿಯೇ ಇಲ್ಲದ ಬೇಚರಾಕ್ ಗ್ರಾಮದ ನೆಲದಲ್ಲಿ ಹಾಕಿಸಿದರು. ಉಸಿರು ಎಲ್ಲಿ ಹೋಯಿತೋ ಆ ಊರಿನ ಪುಸ್ತಕದಲ್ಲೇ ಸಾವನ್ನು ಬರೆಯಬೇಕೆಂಬುದು ನಿಯಮ. ಆ ಊರಿಗೆ ಪಟೇಲನೂ ಇಲ್ಲ, ಪುಸ್ತಕವೂ ಇಲ್ಲ. ಹಾಲಸ್ವಾಮಿ ನಿಯಮದಂತೆ ನಮ್ಮ ಪೇಟೆಗೆ ಸೊನ್ನೆ ಬರೆದರು. ‘ನಮ್ಮ ಪಕ್ಷ ಬಂತು, ಪ್ಲೇಗು ಹೋಯಿತು’ ಎಂದು ಅಧ್ಯಕ್ಷರ ಕಡೆಯವರ ಡಂಗುರವಾಯಿತು. ಸಾವು ಹೆಚ್ಚಿದ್ದಲ್ಲಿಗೆ ಮೊದಲು ಹೋಗುವ ಚುಚ್ಚುಮದ್ದಿನ ಡಾಕ್ಟರು ನಮ್ಮ ಸೊನ್ನೆ ಕಂಡು ಹೊನ್ನಾಳಿಯ ದಾರಿ ಹಿಡಿದರು.

ಬಳೆಗಾರ ಸುಬಾನಸಾಬ ಗುಡಿಸಲಲ್ಲಿ ತೀರಿಕೊಂಡ ಮಾರನೆಯ ದಿನ ಹೆಂಡತಿ ಗುಲ್ಜಾರ್‌ಬೀ ಪುರಸಭೆಗೆ ಬಂದಳು.

‘ಊರಾಗೆ ಬಾಳಿದೋರು ಹೊಲದಾಗೆ ಸತ್ರೆ ಊರಿನೋರಲ್ಲೇನ್ರಿ? ಮೂರು ಮಕ್ಕಳವೆ. ಸೂಜಿ ಯಾವಾಗ ಬರ್ತೈತೆ?’

ಹಾಲಸ್ವಾಮಿ ಜೇಬಿನ ಪುಸ್ತಕ ತೆಗೆದುಕೊಂಡು ಎದ್ದರು. ಅಂದೇ ಗುಡಿಸಲು ಗುಡಿಸಲು ತಿರುಗಿ ಇಪ್ಪತ್ತಮೂರು ಹೆಸರು ತಂದು ನಮ್ಮ ಪೇಟೆಯ ಪುಟದಲ್ಲೇ ಬರೆದು, ‘ಮೊದಲು ಬರೆಯದೆ ಬಿಟ್ಟದ್ದು ನನ್ನ ತಪ್ಪು’ ಎಂದು ಷರಾ ಹಾಕಿ, ಜಿಲ್ಲಾ ಕಚೇರಿಗೆ ತಂತಿ ಕಳಿಸಿದರು.

ಕೊಟ್ರಬಸಪ್ಪನವರು ಸಿಟ್ಟಾಗಲಿಲ್ಲ, ನೊಂದುಕೊಂಡರು. ‘ನಮ್ಮೋರೇ ಆಗಿ ಹಿಂಗೆ ಮಾಡಿದ್ರಲ್ರಿ.’

‘ನನ್ನ ಓಟು ನಿಮಗೇ ಐತ್ರಿ,’ ಎಂದರು ಹಾಲಸ್ವಾಮಿ. ‘ಈ ಹೆಸರು ಹೊಡೆದು ಹಾಕಾಕೆ ಮಾತ್ರ ನನ್ನ ಕೈಲಿ ಆಗಂಗಿಲ್ಲ.’

ಹತ್ತನೆಯ ದಿನ ಡಾಕ್ಟರು ಬಂದರು. ಗುಲ್ಜಾರ್‌ಬೀಯ ಇಬ್ಬರು ಮಕ್ಕಳಿಗೆ ಸೂಜಿ ಸಿಕ್ಕಿತು. ಮೂರನೆಯದು ಅಷ್ಟರಲ್ಲಿ ಇಪ್ಪತ್ತನಾಲ್ಕನೆಯ ಹೆಸರಾಗಿತ್ತು. ಅದನ್ನೂ ಬರೆದ ಮೇಲೆ ಹಾಲಸ್ವಾಮಿಯ ಕೆಲಸ ಹೋಯಿತು.

ಸತ್ಯವಂತರು ತಪ್ಪು ಮಾಡುವುದಿಲ್ಲವೆಂದು ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಈಗ ಹೇಳಲಾರೆ. ಅವರೂ ಹಾರಕ್ಕೆ ಕೊರಳೊಡ್ಡುತ್ತಾರೆ, ನಿಯಮದ ಮರೆಯಲ್ಲಿ ನಾಲ್ಕು ದಿನ ನೆಮ್ಮದಿಯಾಗಿರುತ್ತಾರೆ. ಒಬ್ಬ ತಾಯಿ ಎದುರು ನಿಂತು ಕೇಳಿದ ಮೇಲೆ ಮಾತ್ರ ಆ ನೆಮ್ಮದಿ ಅವರಿಗೆ ದಕ್ಕುವುದಿಲ್ಲ. ಅಂಥವರ ದೆಸೆಯಿಂದ ಬದುಕಿ ಉಳಿಯುವವರು ನಮ್ಮಂಥವರು. ಮುಂದಿನ ಚುನಾವಣೆಯಲ್ಲಿ ನಾವು ಕೊಟ್ರಬಸಪ್ಪನವರನ್ನೇ ಮತ್ತೆ ಗೆಲ್ಲಿಸಿದೆವು. ನನ್ನ ಓಟೂ ಅದರಲ್ಲಿತ್ತು.